ಶ್ರೀರಂಗಪಟ್ಟಣದ ಒಂದು ಹಿಡಿ ಮರಳು

ಐವತ್ತು ದಾಟಿದರೂ ನಾನು ಗೊಂಬೆ ಸಿಪಾಯಿಗಳನ್ನು ಇಟ್ಟುಕೊಂಡು ಯುದ್ಧ ಆಡುತ್ತೇನೆ. ಹೆಬ್ಬೆರಳಿಗಿಂತ ಚಿಕ್ಕ ಸಿಪಾಯಿಗಳನ್ನು ತರಿಸಿ, ಬಣ್ಣ ಬಳಿದು, ಭಾನುವಾರ ಬಸವನಗುಡಿಯ ಗೆಳೆಯನ ಊಟದ ಮೇಜಿನ ಮೇಲೆ ದಾಳ ಹಾಕುತ್ತಾ ಹಳೆಯ ಕದನಗಳನ್ನು ಮತ್ತೆ ಹೂಡುವುದು ನಮ್ಮ ಹುಚ್ಚು. ಈ ಸಲ ಶ್ರೀರಂಗಪಟ್ಟಣದ ಮುತ್ತಿಗೆ ಎಂದು ಗೊತ್ತುಮಾಡಿಕೊಂಡಿದ್ದೆವು. ಕಾವೇರಿ ದಾಟಿ ಕೋಟೆಗೆ ನುಗ್ಗುವ ಇಂಗ್ಲಿಷರ ಕೆಂಪಂಗಿ ದಂಡು ನನ್ನ ಪಾಲಿಗೆ ಬಂದಿತ್ತು.

ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಅಸ್ಥಿ ಬಿಡಲು ಅಮ್ಮನನ್ನು ಕರೆದುಕೊಂಡು ಅದೇ ಶ್ರೀರಂಗಪಟ್ಟಣಕ್ಕೆ ಹೋದೆ. ನಮ್ಮ ಮನೆತನದವರೆಲ್ಲ ಹೋಗುವುದು ಅಲ್ಲಿಗೇ. ಪುರೋಹಿತರು ಗೋತ್ರ ಕೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಕುಡಿಕೆ ಕೈಯಲ್ಲಿತ್ತು, ಕಣ್ಣು ಹೊಳೆಯ ಮೇಲಿತ್ತು. ದಂಡು ಇಳಿದದ್ದು ಎಲ್ಲಿ? ನೀರು ಮೊಣಕಾಲಿಗೆ ಬಂದಿತ್ತೋ, ಸೊಂಟಕ್ಕೋ? ಹಾಗೇ ಯೋಚಿಸುತ್ತಾ ಅಪ್ಪನನ್ನು ನೀರಿಗೆ ಬಿಟ್ಟೆ.

"ಹಿಂತಿರುಗಿ ನೋಡ್ಬೇಡಿ. ಇಲ್ಲಿಂದ ಏನೂ ಮನೆಗೆ ತಗೊಂಡ್ಹೋಗ್ಬೇಡಿ," ಎಂದು ಹೇಳಿ ಪುರೋಹಿತರು ಆಚೆ ಸರಿದರು. ನಾನು ಬಗ್ಗಿ ಒಂದು ಹಿಡಿ ಮರಳು ತೆಗೆದು ಶಲ್ಯದ ತುದಿಗೆ ಗಂಟು ಹಾಕಿಕೊಂಡೆ. ಸಿಪಾಯಿಗಳ ಕಾಲಡಿಯ ಬಿಲ್ಲೆಗೆ ನಾವು ಮರಳು ಅಂಟಿಸುತ್ತೇವೆ. ಸಾಕ್ಷಾತ್ ಆ ರಣಭೂಮಿಯದೇ ಮರಳು ಅಂದರೆ ಗೆಳೆಯರು ಬಾಯಿ ಬಿಡಬೇಕು, ಅಷ್ಟೇ ನನ್ನ ಆಸೆ.

ಮೆಟ್ಟಿಲ ಮೇಲೆ ಕೂತಿದ್ದ ಅಮ್ಮ ನೋಡಿಬಿಟ್ಟಿದ್ದಳು. ಕಾರಿನಲ್ಲಿ ಮೆಲ್ಲಗೆ ಕೇಳಿದಳು, "ಅಪ್ಪನ ನೆನಪಿಗೇನೋ?"

"ಹೂಂ ಅಮ್ಮ."

ಮಡಿ ಮೈಲಿಗೆ ಅಂದರೆ ಇವತ್ತಿಗೂ ಪ್ರಾಣ ಬಿಡುವ ಅಮ್ಮ, "ಇಟ್ಕೋ. ಯಾರಿಗೂ ಹೇಳ್ಬೇಡ," ಎಂದು ಕಣ್ಣೊರೆಸಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ.

ಅಪ್ಪನ ಫೋಟೋಗೆ ಕಟ್ಟು ಹಾಕಿಸಿ ಎನ್.ಆರ್. ಕಾಲೋನಿಯ ಮನೆಗೆ ತಂದ ದಿನ ಅಮ್ಮ, "ಆ ಮರಳು ಕೊಡೋ, ಮುಂದೆ ಇಡ್ತೀನಿ," ಅಂದಳು. ಮರಳು ಆಗಲೇ ಖಾಲಿಯಾಗಿತ್ತು. ಪಕ್ಕದ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದಾರೆ, ಅಲ್ಲಿಂದ ಒಂದು ಹಿಡಿ ತಂದುಕೊಡಲೇ ಎಂದೂ ಯೋಚಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು! ಕೊನೆಗೆ ಸಿಪಾಯಿಗಳ ಟ್ರೇಯನ್ನೇ ತಂದು ಮುಂದಿಟ್ಟು, "ಇವಕ್ಕೆ ಅಂಟಿಸ್ಬಿಟ್ಟೆ ಅಮ್ಮ," ಅಂದೆ. ಬೈಯಲಿ ಎಂದು ಕಾದು ನಿಂತೆ.

ಅಮ್ಮ ಒಂದೊಂದನ್ನೇ ಎತ್ತಿ ಕಾಲಡಿ ನೋಡಿದಳು. "ಎಲ್ಲಾದ್ರಲ್ಲೂ ಅಪ್ಪನ್ನ ಇಟ್ಕೊಂಡಿದೀಯಲ್ಲೋ," ಎಂದು ಬಿಕ್ಕಿದಳು. ಈಗ ಹೇಳು, ಈಗಲಾದರೂ ಹೇಳು ಎಂದು ಮನಸ್ಸು ತಿವಿಯಿತು. ಟ್ರೇಯಲ್ಲಿ ಉರುಳಿದ್ದ ಸಿಪಾಯಿಗಳನ್ನು ಎತ್ತಿ ನಿಲ್ಲಿಸತೊಡಗಿದೆ.

ಒಬ್ಬ ಸಿಪಾಯಿಯನ್ನು ಆರಿಸಿ ಅವಳೇ ಫೋಟೋ ಮುಂದೆ ನಿಲ್ಲಿಸಿದಳು. ದಿನಾ ಅವನ ಕಾಲ ಬುಡಕ್ಕೆ ಒಂದು ಹೂವಿಡುತ್ತಾಳೆ, ಮನೆಗೆ ಬಂದವರಿಗೆಲ್ಲ ಮಗನ ಕೆಲಸ ಎಂದು ತೋರಿಸುತ್ತಾಳೆ. ಕೆಂಪಂಗಿಯವನು ಬಂದೂಕು ಚಾಚಿ ನೇರ ಅಪ್ಪನಿಗೇ ಗುರಿಯಿಟ್ಟಿದ್ದಾನೆ. ಮೊನ್ನೆ ತಡೆಯಲಾರದೆ ಅವನನ್ನು ಆಚೆಗೆ ತಿರುಗಿಸಿಡಲು ಹೋದೆ.

ಅಮ್ಮ ಕೈ ಹಿಡಿದಳು. "ಬಿಡೋ, ಅಪ್ಪನ್ನ ನೋಡ್ಕೊಂಡಿರ್ಲಿ."