ಜೋಡಿ ಟೊಮೇಟೊ ಯಾರು ತಿನ್ನಬೇಕು?

ಕಳೆದ ವಾರ ನಮ್ಮ ಮನೆಯ ಒಂದೇ ಒಂದು ಟೊಮೇಟೊ ಹಣ್ಣಿಗೆ ಮೂರು ಜನ ಬೇಡಿಕೆ ಇಟ್ಟರು. ಮೂವರೂ ಕೇಳಿದ್ದು ತಮಗಲ್ಲ, ಪಕ್ಕದ ಮನೆಯ ಶಾಹೀನಳಿಗೆ ತಿನ್ನಿಸಲು.

ಶಾಹೀನ ಕೇಳಿದ್ದಳೇ? ಇಲ್ಲ.

ಮೊದಲಿನಿಂದ ಹೇಳುತ್ತೇನೆ. ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮದು ಮೂರನೇ ಮಹಡಿ. ಅಂಗಳ, ಹಿತ್ತಿಲು, ತೋಟ ಎಲ್ಲ ಸೇರಿ ಅಡುಗೆಮನೆಯ ಕಿಟಕಿಯ ಗ್ರಿಲ್. ಅಲ್ಲಿ ಖಾಲಿ ಪೇಂಟ್ ಡಬ್ಬಿಯೊಳಗೆ ಕೊಳೆತ ಟೊಮೇಟೊ ಒಂದನ್ನು ಹಿಸುಕಿ ಹಾಕಿದ್ದೆ. ಅದು ಅಕ್ಕಿ ತೊಳೆದ ನೀರು ಕುಡಿದು, ಕೆಳಗಿನ ರಿಕ್ಷಾಗಳ ಹೊಗೆಯನ್ನೂ ಕುಡಿದು, ಹೇಗೋ ಗಿಡವಾಯಿತು.

ಮೊದಲ ಹೂವನ್ನು ಕಂಡವಳು ಶಾಹೀನ. ವಿಜಯಪುರದವಳು. ಮನೆಯಲ್ಲೇ ಸೀರೆಗಳಿಗೆ ಫಾಲ್, ಪಿಕೋ ಮಾಡುತ್ತಾಳೆ. ಗಂಡನದು ಎ.ಸಿ. ರಿಪೇರಿ. ಅವನು ಲೋಕಲ್ ಹಿಡಿಯಲು ಹೊರಟ ಮೇಲೆ ಚಹಾದ ಕಪ್ಪಿನೊಂದಿಗೆ ನೇರವಾಗಿ ನಮ್ಮ ಕಿಟಕಿಗೆ ಬರುತ್ತಾಳೆ. (ನನ್ನನ್ನು ನೋಡಲಲ್ಲ, ಗಿಡವನ್ನು.)

"ಅಕ್ಕಾರ, ಇದು ಟೊಮೇಟೊ ಹೂವೋ, ಶ್ಯಾವಂತಿಗಿ ಹೂವೋ?"

ಕೇಳುವಂತೆಯೇ ಇತ್ತು. ತೊಟ್ಟು ಚಪ್ಪಟೆಯಾಗಿ ದಪ್ಪಗಿತ್ತು. ಎಸಳು ಎಣಿಸಲು ಹೋಗಿ ಇಬ್ಬರೂ ಲೆಕ್ಕ ತಪ್ಪಿದೆವು. ಮೊಬೈಲಿನಲ್ಲಿ ಹುಡುಕಿದೆ. ಚಳಿ ಬಿದ್ದಾಗ ಕೆಲವೊಮ್ಮೆ ಎರಡು ಮೂರು ಮೊಗ್ಗುಗಳು ಬೇರೆಯಾಗದೆ ಕೂಡಿಯೇ ಅರಳುತ್ತವಂತೆ. ರೋಗವೇನಲ್ಲ. ಬೇಡವೆನಿಸಿದರೆ ಚಿವುಟಿ ಹಾಕಿ ಎಂದೂ ಬರೆದಿತ್ತು. ಶಾಹೀನ ಚಿವುಟಲು ಬಿಡಲಿಲ್ಲ. "ಇರ್ಲಿ ಬಿಡ್ರಿ, ಹೆಂಗ ಬೇಕೋ ಹಂಗ ಬೆಳೀಲಿ."

ಬೆಳೆಯಿತು. ಎರಡು ಹಣ್ಣುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಅವಸರದಲ್ಲಿ ಹೊಲಿದ ಹಾಗೆ. ನಡುವೆ ಕಂದು ಬಣ್ಣದ ಒರಟು ಗೆರೆ, ಒಂದು ಬದಿಗೆ ಪುಟ್ಟ ಮೂಗು. ನೋಡಿದರೆ ನಗು ಬರಬೇಕು. ನಾವಿಬ್ಬರೂ ದಿನವೂ ನಗುತ್ತಿದ್ದೆವು.

ಆಮೇಲೆ ನಮ್ಮ ಯಜಮಾನರು ಅದರ ಫೋಟೊ ತೆಗೆದು ಬಿಲ್ಡಿಂಗ್ ಗ್ರೂಪಿಗೆ ಹಾಕಿದರು. (ರಿಟೈರ್ ಆದ ಗಂಡಸಿನ ಕೈಗೆ ಫೋನು ಸಿಕ್ಕರೆ ಇನ್ನೇನಾಗುತ್ತದೆ?)

ಸಂಜೆಗೆ ಎದುರು ಮನೆಯ ಸರಳಕ್ಕ ಬಂದರು, ನಮ್ಮ ಧಾರವಾಡದವರೇ. ಜೋಡಿ ಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ, ಶಾಹೀನಳಿಗೆ ಕೊಡಿ ಎಂದರು. ನೆಲಮಹಡಿಯ ಆಜಿ ಅದನ್ನೇ ಮರಾಠಿಯಲ್ಲಿ ಹೇಳಿದರು. ಸೊಸೈಟಿ ಸೆಕ್ರೆಟರಿಯ ಹೆಂಡತಿ ಅದನ್ನೇ ಹಿಂದಿಯಲ್ಲಿ ಹೇಳಿ, ಶುಕ್ರವಾರ ಒಳ್ಳೆಯ ದಿನ ಎಂದೂ ಸೇರಿಸಿದರು. ಇದು ಚಳಿಗೆ ಹೀಗಾಗಿದ್ದು ಎಂದೆ. ಮುಂಬಯಿಯಲ್ಲಿ ಚಳಿಯೇ ಎಂದು ಮೂವರೂ ನಕ್ಕರು.

ನಾವು ಹುಡುಗಿಯರಾಗಿದ್ದಾಗ ಜೋಡಿ ಬಾಳೆಹಣ್ಣು ಕೈಗೆತ್ತಿಕೊಂಡರೆ ದೊಡ್ಡವರು ಕಸಿದುಕೊಳ್ಳುತ್ತಿದ್ದರು. ಅವಳಿ ಆದೀತು, ಬಿಡು! ಅಂದು ನಮ್ಮನ್ನು ಹೆದರಿಸಿದ ಹಣ್ಣು ಇಂದು ಇವಳಿಗೆ ಔಷಧ. ಹಣ್ಣಿಗಾದರೂ ಒಂದು ನಿರ್ಧಾರ ಬೇಡವೇ?

ಮಾತು ಅವಳ ಕಿವಿಗೂ ಬಿದ್ದಿರಬೇಕು. ಮಾರನೆಯ ದಿನ ಶಾಹೀನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗೋಡೆಯಾಚೆ ಅವಳ ಮಷೀನಿನ ಸದ್ದು ಮಾತ್ರ ಕೇಳುತ್ತಿತ್ತು.

ಮದುವೆಯಾಗಿ ಎಂಟು ವರ್ಷ. ಅಷ್ಟೂ ವರ್ಷ ಜನ ಅವಳಿಗೆ ಏನಾದರೂ ಕೊಡುತ್ತಲೇ ಇದ್ದಾರೆ. ತಾಯತ, ಕಷಾಯ, ಮಾಟುಂಗದ ಯಾವುದೋ ಡಾಕ್ಟರ ವಿಳಾಸ. ಮೆಟ್ಟಿಲ ಮೇಲೆ ಕೇಳುತ್ತಾರೆ, ನಲ್ಲಿ ನೀರಿನ ಹೊತ್ತಿಗೆ ಕೇಳುತ್ತಾರೆ. ಇಡೀ ಬಿಲ್ಡಿಂಗಿನಲ್ಲಿ ಯಾರೂ ಅವಳನ್ನು ಏನೂ ಕೇಳದ ಜಾಗ ಎಂದರೆ ನನ್ನ ಅಡುಗೆಮನೆಯ ಕಿಟಕಿ. ಈಗ ಅದೂ ಅವಳ ಕೈತಪ್ಪಿತ್ತು. ನನಗೂ ಬೆಳಗಿನ ಚಹಾ ಸಪ್ಪೆಯಾಯಿತು.

ಹಣ್ಣನ್ನು ಕಿತ್ತು ಸಾರಿಗೆ ಹಾಕಿಬಿಡೋಣ ಎಂದುಕೊಂಡೆ. ಶುಕ್ರವಾರ ಬೇಳೆ ಬೇಯುವ ಮೊದಲೇ ಮೂವರೂ ಬಂದು ನಮ್ಮ ಸೋಫಾದಲ್ಲಿ ಕುಳಿತಿದ್ದರು. ಆಜಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಅರಿಸಿನ, ಕುಂಕುಮ. ಶಾಹೀನ ಇದನ್ನೆಲ್ಲ ಹೇಗೆ ಒಪ್ಪುತ್ತಾಳೆ ಎಂದೆ. ಸರಳಕ್ಕನದು ಒಂದೇ ಮಾತು: "ತಿಂದ್ರ ಗಂಟೇನ ಹೋಗತದ?"

ನಾನು ವಾದಿಸಬೇಕಿತ್ತು. ಮಂಡಿ ನೋವು, ಒಲೆಯ ಮೇಲೆ ಕುಕ್ಕರ್. ಒಳ್ಳೆಯ ಮನಸ್ಸಿನಿಂದ ಬಂದವರ ಜೊತೆ ವಾದಿಸುವಷ್ಟು ಆಯಾಸ ಬೇರೆ ಯಾವುದರಲ್ಲಿದೆ ಹೇಳಿ?

ಅಷ್ಟರಲ್ಲಿ ಸೆಕ್ರೆಟರಿಯ ಹೆಂಡತಿ ಹೋಗಿ ಶಾಹೀನಳನ್ನು ಕರೆತಂದೇಬಿಟ್ಟರು.

ಅವಳು ತಟ್ಟೆಯನ್ನು ನೋಡಿದಳು. ನನ್ನನ್ನು ನೋಡಿದಳು. ಅಡುಗೆಮನೆಗೆ ಹೋಗಿ ಹಣ್ಣು ಕಿತ್ತಳು, ತೊಳೆದಳು, ಹೋಳು ಮಾಡಿ ಉಪ್ಪು ಉದುರಿಸಿದಳು. ಚೊಕ್ಕ ಕೆಲಸ. ಹೋಳುಗಳ ತಟ್ಟೆಯನ್ನು ತಂದು ಮೊದಲು ಹಿಡಿದದ್ದು ಸೋಫಾದ ಮುಂದೆ.

ಆಜಿಗೆ ಟೊಮೇಟೊ ತಿಂದರೆ ಕೀಲು ನೋವಂತೆ. ಸೆಕ್ರೆಟರಿಯ ಹೆಂಡತಿಗೆ ಕಿಡ್ನಿ ಸ್ಟೋನ್ ಇದೆಯಂತೆ, ಬೀಜ ಆಗದಂತೆ. (ಆಕೆಗಿನ್ನೂ ನಲವತ್ತು ದಾಟಿಲ್ಲ. ಎಲ್ಲರೂ ಅದನ್ನು ನೆನೆದೆವು, ಯಾರೂ ಬಾಯಿ ಬಿಡಲಿಲ್ಲ.) ಸರಳಕ್ಕನಿಗೆ ಉಪವಾಸವಂತೆ.

"ತಗೋರಿ ಸರಳಕ್ಕಾರ," ಎಂದಳು ಶಾಹೀನ. ದನಿ ಏರಿಸಲಿಲ್ಲ. "ತಿಂದ್ರ ನಿಮ್ಮ ಗಂಟೇನ ಹೋಗತೈತಿ?"

ಸರಳಕ್ಕ ಸೆರಗು ಸರಿಪಡಿಸಿಕೊಂಡರು. ಹೋಳು ಮುಟ್ಟಲಿಲ್ಲ. ತೆಂಗಿನಕಾಯಿಯ ಸಮೇತ ಮೂವರೂ ಎದ್ದರು. ಬಾಗಿಲು ಹಾಕಿಕೊಂಡ ಮೇಲೆ ಶಾಹೀನ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ನಾನೂ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತೆ.

"ಖಾಲಿ ಮಾಡೂಣ್ರಿ ಅಕ್ಕಾರ. ಅವಳಿ ಆದ್ರ ನಿಮಗೊಂದು, ನನಗೊಂದು."

ನನಗೆ ಐವತ್ತನಾಲ್ಕು. ನಗುತ್ತಾ ತಿಂದೆವು. ಅವಳ ಕಣ್ಣಲ್ಲಿ ನೀರಿತ್ತು, ನಾನು ಏನೂ ಕೇಳಲಿಲ್ಲ. ರುಚಿಯಲ್ಲಿ ವಿಶೇಷವೇನಿಲ್ಲ, ಸ್ವಲ್ಪ ನೀರು ನೀರು.

ಮರುದಿನ ಅವಳು ಚಹಾದ ಕಪ್ಪಿನೊಂದಿಗೆ ಕಿಟಕಿಗೆ ಬಂದಳು. ಗಿಡದಲ್ಲಿ ಇನ್ನೊಂದು ಮೊಗ್ಗು ಅಗಲವಾಗುತ್ತಿದೆ ಎಂದು ತೋರಿಸಿದಳು. ಯಜಮಾನರ ಫೋನನ್ನು ಆ ಕಡೆ ತರಬಾರದು ಎಂದು ಹೇಳಿದ್ದೇನೆ.

ಹಾಲು ತರಲು ಇಳಿದಾಗ ಆಜಿ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು, ಅವಳು ತಿಂದಳಲ್ಲವೇ ಎಂದು. ತಿಂದಳು ಎಂದೆ. ಅಷ್ಟೇ ಸಾಕು ಎಂದು ಕಣ್ಣು ಮುಚ್ಚಿ ಕೈಮುಗಿದರು.

ಅರ್ಧ ಹಣ್ಣು ನಾನೂ ತಿಂದಿದ್ದೇನೆ. ನನ್ನ ಬಗ್ಗೆ ಯಾಕೆ ಯಾರಿಗೂ ಚಿಂತೆಯಿಲ್ಲ?