ಸಾಲದೇ ಹೋದರೆ

ಪದ್ಮಜಾಳ ಗೆಳತಿಯಾಗಿರುವುದೆಂದರೆ ಅವಳ ಸಿಟ್ಟಿನಲ್ಲಿ ಅರ್ಧ ಪಾಲು ತೆಗೆದುಕೊಳ್ಳುವುದು. ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ನಮ್ಮ ಕಂಪನಿಯಲ್ಲಿ ನಾನು ಗುಣಮಟ್ಟ ನೋಡುವವಳು, ಅವಳು ಸಭೆ ಸಮಾರಂಭ ನಡೆಸುವವಳು. ಮೈಸೂರಿನ ಸರಸ್ವತಿಪುರಂನವಳು, ಐವತ್ತೆರಡು ವರ್ಷ. ನಮಗೆ ಸಾಮಾನು ಒದಗಿಸುವವರನ್ನೆಲ್ಲ ಕರೆಸುವ ವಾರ್ಷಿಕ ಸಮಾವೇಶ ಹನ್ನೊಂದು ವರ್ಷದಿಂದ ಅವಳ ತಲೆಯ ಮೇಲಿದೆ. ಮುನ್ನೂರು ಜನ, ಒಂದು ದಿನ, ಒಂದು ಊಟ.

ಹೋದ ವರ್ಷ ಅವಳ ಮ್ಯಾನೇಜರ್ ಟಾಡ್‌ಗೆ ಹೊಸ ಹುಚ್ಚು ಹಿಡಿಯಿತು. ಸಮಾವೇಶದಿಂದ ಸಮಾಜಕ್ಕೂ ಪರಿಸರಕ್ಕೂ ಒಳ್ಳೆಯದಾಗಬೇಕಂತೆ. ಅದಕ್ಕೊಬ್ಬ ಸಲಹೆಗಾರ ಬಂದ. ಮುನ್ನೂರು ಪ್ಲಾಸ್ಟಿಕ್ ಕುಂಡಗಳಲ್ಲಿ ಮುನ್ನೂರು ಸಸಿ ಹಂಚಬೇಕು, ಭೂಮಿ ಉಳಿಸಿ ಎಂದು ಬರೆದ ಟೀ ಶರ್ಟ್ ಕೊಡಬೇಕು, ಒಂದೊಂದು ಶರ್ಟಿಗೂ ಒಂದೊಂದು ಪ್ಲಾಸ್ಟಿಕ್ ಚೀಲ. ವಿಮಾನ ಹತ್ತಿ ಟೆಕ್ಸಸ್‌ಗೆ ಹೋಗುವವನು ಸಸಿಯನ್ನು ಎಲ್ಲಿಟ್ಟುಕೊಳ್ಳಬೇಕು ಎಂದು ಪದ್ಮಜಾ ಕೇಳಿದಳು. ಒಳ್ಳೆಯ ಪ್ರಶ್ನೆ ಎಂದ ಟಾಡ್. ನಮ್ಮ ಆಫೀಸಿನಲ್ಲಿ ಒಳ್ಳೆಯ ಪ್ರಶ್ನೆ ಎಂದರೆ ಅದಕ್ಕೆ ಉತ್ತರ ಸಿಗುವುದಿಲ್ಲ ಎಂದೇ ತಿಳಿಯಬೇಕು.

"ಪ್ರತಿ ವರ್ಷ ಎಷ್ಟು ಊಟ ಟ್ರ್ಯಾಶ್‌ಗೆ ಹೋಗತ್ತೆ ಅಂತ ಇವ್ರಿಗೆ ಕಾಣೋದೇ ಇಲ್ಲ ಸಿಂಧು," ಎಂದಳು ನನ್ನ ಹತ್ತಿರ. "ಗಿಡ ಹಂಚ್ತಾರಂತೆ ಗಿಡ."

ಉಳಿಯುವ ಊಟ ತಲುಪಿಸುವ ಜಾಗವನ್ನು ಅವಳೇ ಹುಡುಕಿದಳು. ಮನೆ ಬಿಟ್ಟು ಬಂದ ಹೆಂಗಸರಿಗೂ ಮಕ್ಕಳಿಗೂ ಸ್ಟರ್ಲಿಂಗ್ ಹೈಟ್ಸ್‌ನಲ್ಲೊಂದು ಆಶ್ರಯಧಾಮವಿದೆ. ಅದರ ಅಡುಗೆಮನೆ ನೋಡಿಕೊಳ್ಳುವವರು ಧಾರವಾಡದ ಲತಾಶ್ರೀ. ಅವರ ನಿಯಮ ಬಲು ಬಿಗಿ. ಮೇಜಿನ ಮೇಲೆ ತೆರೆದಿಟ್ಟ ಊಟ ಬೇಡ, ಮುಚ್ಚಳ ತೆಗೆಯದ ಬಿಸಿ ಟ್ರೇಗಳಾದರೆ ಮಾತ್ರ ಸರಿ. ಅಲ್ಲಿರುವುದು ಅರವತ್ತು ಜನ. ಊಟ ಬರುತ್ತದೆಂದು ಹೇಳಿದರೆ ಆ ದಿನ ಅವರು ಒಲೆ ಹಚ್ಚುವುದಿಲ್ಲ. ಹೇಳಿಯೂ ಊಟ ಕಳಿಸದಿದ್ದರೆ ಸಂಜೆ ಮಕ್ಕಳಿಗೆ ಬ್ರೆಡ್ಡೇ ಗತಿ.

ಪದ್ಮಜಾ ಮಾಡಿದ್ದು ಅವಳ ಅಮ್ಮ ಹಬ್ಬದ ದಿನ ಮಾಡುತ್ತಿದ್ದುದನ್ನೇ. ಯಾರೂ ಊಟಕ್ಕೆ ಕೂರುವ ಮೊದಲೇ ಮೀಸಲು ತೆಗೆದಿಟ್ಟಳು. ಹನ್ನೆರಡು ಟ್ರೇಗಳು. ಅವನ್ನು ವೇದಿಕೆಗೆ ತಂದು ಮುಚ್ಚಳ ತೆಗೆದು ಫೋಟೊ ಹಿಡಿಯೋಣ ಎಂದು ಟಾಡ್ ಬಂದ. ಅವಳು ಅವನ ಕೈಗೊಂದು ಸಸಿ ಕೊಟ್ಟು, ಇದರ ಜೊತೆ ತೆಗೆಸಿಕೊ ಎಂದಳು. ಹನ್ನೊಂದೂವರೆಗೆಲ್ಲ ಟ್ರೇಗಳನ್ನು ತುಂಬಿಕೊಂಡು ನನ್ನ ವ್ಯಾನ್ ಹೊರಟಿತ್ತು.

ಲತಾಶ್ರೀ ಟ್ರೇಗಳನ್ನು ಒಳಗಿಡಿಸಿ, ಕೈ ಒರೆಸಿಕೊಳ್ಳುತ್ತ ಬಂದರು. "ಭಾಳ ಛಲೋ ಆತ್ರಿ. ಆದ್ರ ಒಂದು ತಿಳೀವಲ್ದು ನೋಡ್ರಿ. ನಿಮ್ಮ ಮಂದಿ ಇನ್ನೂ ಊಟಕ್ಕ ಕೂತಿಲ್ಲ. ಇಷ್ಟು ಉಳೀತದ ಅಂತ ನಿಮಗ ಹ್ಯಾಂಗ ಗೊತ್ತಾತು?"

ಪದ್ಮಜಾಳನ್ನೇ ಕೇಳಿ ಹೇಳುತ್ತೇನೆ ಎಂದೆ. ಮೂವತ್ತೈದು ಮೈಲಿ ಡ್ರೈವ್ ಮಾಡಿಕೊಂಡು ವಾಪಸು ಬಂದರೆ, ಹಾಲ್‌ನಲ್ಲಿ ಇನ್ನೂ ಏಳು ಟ್ರೇ ಉಳಿದಿವೆ, ಒಂದೊಂದಾಗಿ ಟ್ರ್ಯಾಶ್‌ಗೆ ಬೀಳುತ್ತಿವೆ. ಪಕ್ಕದಲ್ಲಿ ನಿಂತು ಪದ್ಮಜಾ ಆ ಸಲಹೆಗಾರನನ್ನು ಬೈಯುತ್ತಿದ್ದಾಳೆ.

"ಆರ್ಡರ್ ಎಷ್ಟು ಜನಕ್ಕೆ ಕೊಟ್ಟಿದ್ದೆ?" ಎಂದು ಕೇಳಿದೆ.

"ನಾನೂರಕ್ಕೆ."

"ಬರೋದು ಮುನ್ನೂರು ತಾನೆ?"

"ಸಾಲದೇ ಹೋದ್ರೆ?"

ಲತಾಶ್ರೀ ಕೇಳಿದ್ದನ್ನು ಹೇಳಿದೆ. ಅವಳ ಬೈಗುಳ ನಿಂತಿತು. ಇಪ್ಪತ್ತೇಳು ವರ್ಷದ ಹಿಂದೆ ಅವಳ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಅನ್ನ ಸಾಲದೆ ಹೋಯಿತಂತೆ. ಮತ್ತೆ ಅಕ್ಕಿ ಬೇಯುವವರೆಗೂ ಅವಳಪ್ಪ ಖಾಲಿ ಎಲೆಗಳ ಮುಂದೆ ಕೈ ಮುಗಿದು ನಿಂತಿದ್ದರಂತೆ. ಬೀಗರು ಅದನ್ನು ವರ್ಷಗಟ್ಟಲೆ ಆಡಿಕೊಂಡರು. ಕೇಳಿ ನನಗೆ ಕನಿಕರವೂ ಆಯಿತು, ಮೈ ಪರಚಿಕೊಳ್ಳುವ ಹಾಗೂ ಆಯಿತು. ಯಾವ ಕಸದ ತೊಟ್ಟಿಯನ್ನು ತೋರಿಸಿ ಟಾಡ್‌ನನ್ನು ಇಷ್ಟು ವರ್ಷ ಬೈದಳೋ, ಅದನ್ನು ತುಂಬಿಸುತ್ತಿದ್ದವಳು ಇವಳೇ.

ಈ ವರ್ಷ ಆರ್ಡರ್ ಕೊಡುವಾಗ ನಾನು ಪಕ್ಕದಲ್ಲೇ ಕೂತೆ. ಹಾಲ್‌ಗೆ ಮುನ್ನೂರು, ಆಶ್ರಯಧಾಮಕ್ಕೆಂದೇ ಬೇರೆ ಅರವತ್ತು. ಆಮೇಲಿನ ಎರಡು ವಾರದಲ್ಲಿ ಅವಳು ನನಗೆ ಒಂಬತ್ತು ಸಲ ಫೋನ್ ಮಾಡಿದಳು. "ಇನ್ನೊಂದು ಇಪ್ಪತ್ತು ಸೇರಿಸ್ಲಾ?" ಬೇಡ ಎಂದೆ. "ಹತ್ತು?" ನನಗೆ ಸಾಕುಸಾಕಾಗಿ ಹೋಯಿತು.

ಸಮಾವೇಶದ ದಿನ ಅಡುಗೆಯವರು ತಡವಾಗಿ ಬಂದು, ಮೊದಲು ಹಾಲ್‌ನವರಿಗೆ ಬಡಿಸಿದರು. ಅರವತ್ತು ಜನರ ಟ್ರೇಗಳನ್ನು ವ್ಯಾನ್‌ಗೆ ಏರಿಸುವಷ್ಟರಲ್ಲಿ ಒಂದೂಕಾಲು. ಒಳಗೆ ಊಟ ಮುಗಿಯುತ್ತಾ ಬಂದಿತ್ತು. ಆಗಲೇ, ಬರುತ್ತೇವೆಂದು ಮೊದಲೇ ಹೆಸರು ಕೊಡದ ನಾಲ್ವರು ಒಹಾಯೋದಿಂದ ಬಂದಿಳಿದರು. ಬಫೆ ಮೇಜಿನ ಮೇಲೆ ಕೆರೆಯುವುದಕ್ಕೂ ಏನೂ ಇರಲಿಲ್ಲ. ಟಾಡ್ ಓಡಿ ಬಂದು, ವ್ಯಾನ್‌ನಲ್ಲಿರುವುದರಲ್ಲಿ ಒಂದೇ ಒಂದು ಟ್ರೇ ತೆಗೆ, ಅಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದ.

ಪದ್ಮಜಾ ಹಾಲ್‌ನ ಕಡೆಗೊಮ್ಮೆ, ಟ್ರೇಗಳ ಕಡೆಗೊಮ್ಮೆ ನೋಡಿದಳು. ಅವಳ ಕೈ ವ್ಯಾನ್‌ನ ಬಾಗಿಲ ಮೇಲಿತ್ತು. ತೆಗೆದೇಬಿಡುತ್ತಾಳೆ ಎಂದುಕೊಂಡೆ. ಅವಳು ಬಾಗಿಲನ್ನು ಎಳೆದು ಮುಚ್ಚಿದಳು. ಇದು ಬೇರೆಯವರ ಊಟ, ಅವರು ಒಲೆ ಹಚ್ಚಿಲ್ಲ ಎಂದು ಟಾಡ್‌ಗೆ ಹೇಳಿ ಒಳಗೆ ಹೋದಳು.

ನಾನೂ ಹಿಂದೆಯೇ ಹೋದೆ. ಆ ನಾಲ್ವರ ಮುಂದೆ ನಿಂತು, ಕ್ಷಮಿಸಿ, ಊಟ ಮುಗಿದುಹೋಯಿತು ಎಂದಳು. ಕೈ ತಾನಾಗಿ ಮುಗಿದುಕೊಂಡಿತ್ತು. ಅವಳಿಗೆ ಅದರ ಅರಿವೂ ಇದ್ದಂತಿರಲಿಲ್ಲ. ಅವರಲ್ಲಿ ದಪ್ಪಗಿದ್ದ ಒಬ್ಬ ಗಡಿಯಾರ ನೋಡಿ, ಪರವಾಗಿಲ್ಲ, ರಸ್ತೆಯಾಚೆ ಸ್ಯಾಂಡ್‌ವಿಚ್ ಅಂಗಡಿ ಇದೆಯಲ್ಲ ಎಂದ. ನಾಲ್ವರೂ ಹೊರಟರು. ಒಬ್ಬ ಹೋಗುತ್ತಾ, ಈ ವರ್ಷವೂ ಹಂಚಲು ಬಾಗಿಲ ಬಳಿ ಇಟ್ಟಿದ್ದ ಸಸಿಗಳಲ್ಲಿ ಒಂದನ್ನೂ ಎತ್ತಿಕೊಂಡ.

ಪದ್ಮಜಾ ಮುಗಿದ ಕೈ ಬಿಡದೆ ಅವರು ಹೋದ ಕಡೆಗೇ ನೋಡುತ್ತಿದ್ದಳು.

"ಇಷ್ಟೇನಾ ಸಿಂಧು?" ಎಂದಳು. "ಇಷ್ಟಕ್ಕೇನಾ ನಮ್ಮಪ್ಪ ಅಷ್ಟು ಹೊತ್ತು ನಿಂತಿದ್ದಿದ್ದು?"

ಅವಳ ಕೈಗಳನ್ನು ಹಿಡಿದು ಬಿಡಿಸಿದೆ. ಆಮೇಲೆ ವ್ಯಾನ್ ಹತ್ತಿದೆ. ಅಲ್ಲಿ ಅರವತ್ತು ಜನ ಕಾಯುತ್ತಿದ್ದರು.