ಕೊಬ್ಬರಿಗೊಂದು ಹಾರ್ನೆಸ್

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಕೊತ್ತಗೆರೆಯಲ್ಲಿ, ಅದುವರೆಗೂ ನೋಡಿರದ ಒಂದು ಮನೆಯ ಹಿತ್ತಲಲ್ಲಿ, ರಾಗಿ ಹುಲ್ಲಿನ ಮೆದೆಯ ಮುಂದೆ ಮೊಣಕಾಲೂರಿ ಕೂತಿದ್ದೆ. ಒಂದು ಕೈಯಲ್ಲಿ ಕೊತ್ತಂಬರಿ ಸೊಪ್ಪು. ಇನ್ನೊಂದು ಕೈಯಲ್ಲಿ ಗುಲಾಬಿ ಬಣ್ಣದ ಪಟ್ಟಿ, ಅದಕ್ಕೊಂದು ಪ್ಲಾಸ್ಟಿಕ್ ಕ್ಲಿಪ್ಪು. ಆ ಕ್ಲಿಪ್ಪನ್ನು ಟಿಕ್ ಅಂತ ಹಾಕುತ್ತಿದ್ದೆ, ತೆಗೆಯುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಸುತ್ತ ಹತ್ತು ಹನ್ನೆರಡು ಜನ ನಿಂತು ನೋಡುತ್ತಿದ್ದರು. ಅವರಲ್ಲೊಬ್ಬರು ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಕಾಲೇಜಲ್ಲಿ ಪಾಠ ಮಾಡ್ತಾರಂತೆ ಕಣ್ಲಾ. ಓದಿರೋರು."

ಓದಿದವಳಿಗೆ ಈ ಗತಿ ಯಾಕೆ ಬಂತು? ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಮ್ಮ ತುಮಕೂರಿನ ಮನೆಯಲ್ಲಿ ಒಂದು ಮೊಲ ಇದೆ. ಹೆಸರು ಕೊಬ್ಬರಿ. ಬೆನ್ನು ಕಂದು, ಹೊಟ್ಟೆ ಬಿಳಿ. ಐದನೇ ಕ್ಲಾಸಿನ ನನ್ನ ಮಗಳು ಇಂಚರ ಇಟ್ಟ ಹೆಸರು. (ಬನ್ನಿ, ಫ್ಲಫಿ ಅಂತೆಲ್ಲ ಇಡಲಿಲ್ಲವಲ್ಲ, ಸದ್ಯ.) ಕೊಬ್ಬರಿ ನೋಡಲು ಬಲು ಸಾಧು. ಅದರ ಹಲ್ಲು ಮಾತ್ರ ಸಾಧುವಲ್ಲ. ವೈರು ಕಂಡರೆ ಬಿಡುವುದಿಲ್ಲ. ಎರಡು ಚಾರ್ಜರ್ ಹೋದವು. ಮಿಕ್ಸಿಯ ವೈರು ಹೋಯಿತು (ಪ್ಲಗ್ಗಿನಲ್ಲಿ ಇರಲಿಲ್ಲ, ನಮ್ಮ ಪುಣ್ಯ). ನನ್ನ ಗಂಡ ಮಹೇಶ್ ಅವರ ಇಯರ್‌ಫೋನ್ ಹೋಯಿತು. ಎಲ್ಲ ಸಹಿಸಿಕೊಂಡೆ. ಹೋದ ತಿಂಗಳು, ಸರಿಯಾಗಿ ಈ ಅಂಕಣ ಕಳಿಸಬೇಕಾದ ಸಂಜೆ, ಇಂಟರ್ನೆಟ್ ವೈರನ್ನು ಹುರುಳಿಕಾಯಿ ಕತ್ತರಿಸಿದ ಹಾಗೆ ಮೂರು ತುಂಡು ಮಾಡಿತು.

"ಸಾಕು. ಇದನ್ನ ಯಾರಿಗಾದ್ರೂ ಕೊಟ್ಬಿಡಿ" ಅಂದೆ.

ಇಂಚರ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನೂ ಜಗ್ಗಲಿಲ್ಲ. ಮಹೇಶ್ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಅವರ ಜೊತೆ ಕೆಲಸ ಮಾಡುವ ಮಂಜಣ್ಣ ಕುಣಿಗಲ್ ಹತ್ತಿರದ ಕೊತ್ತಗೆರೆಯವರು. "ನಮ್ ತೋಟಕ್ಕೆ ಕೊಡಿ ಸಾರ್. ಮೊಲದ ಗೂಡು ಖಾಲಿ ಬಿದ್ದೈತೆ" ಅಂದರಂತೆ.

ಇಂಚರ ಫೋನ್ ಸ್ಪೀಕರಿಗೆ ಹಾಕಿಸಿ ವಿಚಾರಣೆ ಶುರು ಮಾಡಿದಳು. "ಅಂಕಲ್, ಗೂಡು ಯಾಕೆ ಖಾಲಿ ಇದೆ? ಅದ್ರಲ್ಲಿದ್ದ ಮೊಲ ಏನಾಯ್ತು?"

ನಾನೂ ಮಹೇಶೂ ಮುಖ ಮುಖ ನೋಡಿಕೊಂಡೆವು.

"ವಯಸ್ಸಾಗಿ ಹೋಯ್ತು ಪುಟ್ಟಿ" ಅಂದರು ಮಂಜಣ್ಣ. "ನಮ್ಮನೇಲಿ ಮೊಟ್ಟೆ ಕೂಡ ತಿನ್ನಲ್ಲ ಕಣವ್ವ, ನೀನೇನೂ ಹೆದ್ರಬೇಡ."

ಆಮೇಲೆ ಅವರದ್ದೂ ಒಂದು ಷರತ್ತು ಬಂತು. ತೋಟಕ್ಕೆ ಕಾಂಪೌಂಡ್ ಇಲ್ಲ. ನಾಯಿಗಳಿವೆ, ಮೇಲೆ ಹದ್ದು ಸುತ್ತುತ್ತದೆ. ಗೂಡಿನಿಂದ ಹೊರಗೆ ಬಿಡುವಾಗ ಹಗ್ಗ ಬೇಕೇ ಬೇಕು. ಹಗ್ಗಕ್ಕೆ ಅಭ್ಯಾಸ ಮಾಡಿಸಿ ಕಳಿಸಿ ಅಂದರು. ಕೊನೆಗೆ ಇಂಚರ ನನ್ನ ಕಡೆ ತಿರುಗಿದಳು. "ಕೊಬ್ಬರಿಗೆ ಏನೂ ಆಗ್ಬಾರ್ದು. ಗ್ಯಾರಂಟಿನಾ?"

"ಗ್ಯಾರಂಟಿ ಕಣೇ" ಅಂದೆ. ಹೇಳುವುದಕ್ಕೇನು, ಬಾಯಿ ಇತ್ತು, ಹೇಳಿದೆ.

ಹಗ್ಗ ಅಂದ ಕೂಡಲೇ ಮಹೇಶ್ ಒಳಗಿನ ಹಾಗಲವಾಡಿ ಎದ್ದು ಕೂತಿತು. ಗುಬ್ಬಿ ತಾಲ್ಲೂಕಿನ ಆ ಊರಲ್ಲಿ ದನಕರುಗಳ ನಡುವೆ ಬೆಳೆದವರು ಅವರು. "ಇದಕ್ಕೆ ಅಂಗಡಿಗ್ಯಾಕ್ ಹೋಗ್ಬೇಕು? ಎಷ್ಟು ಕರು ಕಟ್ಟಿಲ್ಲ ನಾನು?" ಅಂದವರೇ ತೆಂಗಿನ ನಾರು ಹೊಸೆದು, ಪುಟ್ಟ ಕೊರಳ ಹಗ್ಗ ಮಾಡಿ ಕೊಬ್ಬರಿಯ ಕುತ್ತಿಗೆಗೆ ಕಟ್ಟಿದರು. ಕೆಲಸ ಅಚ್ಚುಕಟ್ಟಾಗಿತ್ತು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಕರು ನಡೆಯುತ್ತದೆ. ಮೊಲ ನೆಗೆಯುತ್ತದೆ. ಕೊಬ್ಬರಿ ಒಂದೇ ಒಂದು ನೆಗೆತ ನೆಗೆಯಿತು, ಹಗ್ಗ ಬಿಗಿಯಿತು, ಅಲ್ಲೇ ದೊಪ್ಪನೆ ಬಿದ್ದು ಕಣ್ಣು ಬಿಟ್ಟುಕೊಂಡು ಅಲ್ಲಾಡದೆ ಮಲಗಿತು. ಇಂಚರ ಕಿರುಚಿದಳು. ಮಹೇಶ್ ಹಾಕಿದ ಗಂಟು ಅವರಿಗೇ ಬಿಚ್ಚಲು ಬರಲಿಲ್ಲ. ನಾನು ಓಡಿಹೋಗಿ ಕತ್ತರಿ ತಂದು ಕತ್ತರಿಸಿದೆ. ಎರಡು ನಿಮಿಷದ ನಂತರ ಅದು ಎದ್ದು, ಮೈ ಕೊಡವಿ, ಕತ್ತರಿಸಿ ಹಾಕಿದ ಹಗ್ಗವನ್ನೇ ಮೆಲ್ಲಲು ಶುರು ಮಾಡಿತು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಕೊಬ್ಬರಿಯನ್ನು ತಡವಿ ನೋಡಿ, ಏನೂ ಆಗಿಲ್ಲ ಅಂದರು. ಆಮೇಲೆ ನಮಗೆ ಚೆನ್ನಾಗಿ ಬೈದರು. "ಮೊಲಕ್ಕೆ ಕುತ್ತಿಗೆಗೆ ಏನೂ ಕಟ್ಟಬಾರ್ದು. ಜಗ್ಗಿದ್ರೆ ಕುತ್ತಿಗೆ, ಬೆನ್ನು ಎರಡಕ್ಕೂ ಏಟು. ಎದೆ ಸುತ್ತ ಬರೋ ಜಾಕೆಟ್ ಥರದ ಹಾರ್ನೆಸ್ ತಗೊಳ್ಳಿ. ಹಗ್ಗ ಎಲಾಸ್ಟಿಕ್ ಇರ್ಲಿ. ಕಟ್ಟಿ ಹಾಕಿ ಬಿಟ್ಟು ಹೋಗ್ಬೇಡಿ. ಎಳೀಲೂಬೇಡಿ. ಅದು ಹೋದ ಕಡೆ ನೀವು ಹೋಗಿ."

"ಅದು ಹೋದ ಕಡೆ ನಾವಾ?" ಅಂದರು ಮಹೇಶ್. ಅವರ ಮುಖ ನೀವು ನೋಡಬೇಕಿತ್ತು.

ಪೇಟೆಯಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ನಕ್ಕರು. "ಮೊಲಕ್ಕಾ ಮೇಡಂ? ಮೊಲಕ್ಕೆ ಯಾರೂ ಕೇಳಲ್ಲ. ನಾಯಿಮರಿದು ಕೊಡ್ತೀನಿ, ಆಗುತ್ತೆ ತಗೊಳ್ಳಿ." ಆಗಲಿಲ್ಲ. ಕೊಬ್ಬರಿ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು, ರಾತ್ರಿ ಅಂಗಿ ಬಿಚ್ಚಿಟ್ಟ ಹಾಗೆ ಅದನ್ನು ಬಿಚ್ಚಿಟ್ಟು ದಿವಾನದ ಕೆಳಗೆ ಹೋಯಿತು.

ಆನ್‌ಲೈನ್ ಒಂದೇ ದಾರಿ. ಎದೆಯ ಸುತ್ತಳತೆ ಹಾಕಿ ಅಂತ ಅಲ್ಲಿ ಕೇಳಿತ್ತು. ರವಿಕೆ ಅಳತೆ ಟೇಪು ತಂದೆ. ಇಂಚರ ಹಿಡಿದುಕೊಂಡಳು, ನಾನು ಸುತ್ತಿದೆ. ಹದಿನಾಲ್ಕು ಇಂಚು! ಇಷ್ಟು ದಪ್ಪ ಹೇಗೆ ಅಂತ ಕೂದಲು ಒತ್ತಿ ಹಿಡಿದು ಮತ್ತೆ ಅಳೆದರೆ ಹನ್ನೊಂದೂವರೆ. ಉಳಿದದ್ದು ಬರೀ ಕೂದಲು. (ನಮ್ಮಲ್ಲೂ ಎಷ್ಟು ಜನರ ಗಾತ್ರ ಹೀಗೇ ಅಲ್ಲವಾ?) ಕೊನೆಗೂ ಒಂದು ಬಂತು. ಗುಲಾಬಿ ಬಣ್ಣ, ಮೆತ್ತನೆ ಬಟ್ಟೆ, ಹೊಟ್ಟೆ ಕೆಳಗೆ ವೆಲ್ಕ್ರೋ, ಬೆನ್ನ ಮೇಲೆ ಒಂದು ಕ್ಲಿಪ್ಪು, ಜೊತೆಗೊಂದು ಎಲಾಸ್ಟಿಕ್ ಹಗ್ಗ. ಒಳಗೆ ಒಂದು ಬೆರಳು ತೂರುವಷ್ಟು ಜಾಗ, ಎರಡು ಬೆರಳು ತೂರದಷ್ಟು ಬಿಗಿ. ಇಷ್ಟೇ ಇರಬೇಕಂತೆ.

ಅಭ್ಯಾಸ ಮಾಡಿಸುವ ಕೆಲಸ ಯಾರ ಪಾಲಿಗೆ ಬಂತು ಅಂತ ಕೇಳಬೇಡಿ. ಬೆಳಿಗ್ಗೆ ಐದೂವರೆಗೆ ಏಳುವವಳು ಮನೆಯಲ್ಲಿ ನಾನೊಬ್ಬಳೇ.

ಮೊದಲ ದಿನ ಹಾರ್ನೆಸ್ಸನ್ನು ಪಕ್ಕದಲ್ಲಿಟ್ಟೆ, ಮೂಸಿತು. ಎರಡನೇ ದಿನ ಬೆನ್ನ ಮೇಲಿಟ್ಟೆ, ಕಲ್ಲಾಗಿ ಕೂತಿತು. ಮೂರನೇ ದಿನ ಕ್ಲಿಪ್ಪು ಹಾಕಿದೆ. ಟಿಕ್ ಶಬ್ದಕ್ಕೆ ಬೆಚ್ಚಿಬಿದ್ದಿತು. ಅವತ್ತೇ ಹೊಳೆದದ್ದು ನನಗೆ ಕೊತ್ತಂಬರಿ ಸೊಪ್ಪು. ಒಂದು ಟಿಕ್, ಒಂದು ಎಸಳು. ಇನ್ನೊಂದು ಟಿಕ್, ಇನ್ನೊಂದು ಎಸಳು. ವಾರ ಕಳೆಯುವುದರೊಳಗೆ ಟಿಕ್ ಅಂದರೆ ಸಾಕು, ಎಲ್ಲಿದ್ದರೂ ಓಡಿ ಬಂದು, ಹಿಂಗಾಲ ಮೇಲೆ ನಿಂತು, ಮುಂಗಾಲು ನನ್ನ ಕೈಮೇಲಿಟ್ಟು ಮುಖ ನೋಡುತ್ತಿತ್ತು. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇಷ್ಟು ಶ್ರದ್ಧೆಯಿಂದ ನನ್ನ ಮುಖ ನೋಡಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ಆಮೇಲೆ ಬೀದಿಗಿಳಿದೆವು. ಮೊಲದ ವಾಕಿಂಗ್ ಅಂದರೆ ವಾಕಿಂಗ್ ಅಲ್ಲ. ಮೂರು ನೆಗೆತ, ಐದು ನಿಮಿಷ ನಿಲ್ಲುವುದು. ಒಂದು ಗರಿಕೆ, ಮತ್ತೆ ನಿಲ್ಲುವುದು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು "ನಾಯಿ ಸಿಗ್ಲಿಲ್ವೇನಮ್ಮ?" ಅಂದರು. ಹಾಲಿನವರು, ಪೇಪರಿನವರು, ತರಕಾರಿ ಗಾಡಿಯವರು, ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಕೆಜಿ ಬರುತ್ತೆ?" ನಾನು ಇಂಚರಳ ಕಿವಿ ಮುಚ್ಚುವುದಾ, ಕೊಬ್ಬರಿಯ ಕಿವಿ ಮುಚ್ಚುವುದಾ?

ಮೊದಲೆರಡು ದಿನ ನನಗೂ ಕೈ ತಡೆಯಲಿಲ್ಲ. ಕೈಯಲ್ಲಿ ಹಗ್ಗ ಇದ್ದರೆ ಎಳೆಯಬೇಕು ಅನ್ನಿಸುತ್ತದೆ. ನಮ್ಮ ಬೀದಿಯಲ್ಲಿ ಅದೇ ಹೊತ್ತಿಗೆ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸುತ್ತಾರೆ. ಬೇಗ ಬಾ, ಬೇಗ ಹತ್ತು, ಬೇಗ ತಿನ್ನು. ನಾನೂ ಅದೇ ಪೈಕಿ. ಇಂಚರ ಒಂದು ಹುಳು ನೋಡುತ್ತಾ ಗೇಟಿನ ಹತ್ತಿರ ನಿಂತರೆ ನನಗೆ ಬಿಪಿ ಏರುತ್ತದೆ. ಅಂಥವಳು ಒಂದು ಮೊಲ ಗರಿಕೆ ತಿಂದು ಮುಗಿಸಲಿ ಅಂತ ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿದ್ದೆ. ಪಕ್ಕದಲ್ಲಿ ಇಂಚರ. ಎಷ್ಟೋ ತಿಂಗಳ ಮೇಲೆ ನಾವಿಬ್ಬರೂ ಯಾವ ಕೆಲಸವೂ ಇಲ್ಲದೆ ಮಾತಾಡಿದೆವು. ಅವಳ ಕ್ಲಾಸಿನಲ್ಲಿ ಯಾರು ಯಾರ ಜೊತೆ ಜಗಳ ಆಡಿದ್ದಾರೆ ಎಂಬುದೆಲ್ಲ ಈಗ ನನಗೆ ಗೊತ್ತು.

ಆದರೂ ಮಾತು ಕೊಟ್ಟಾಗಿತ್ತು. ಭಾನುವಾರ ಬಂತು.

ಕೊಬ್ಬರಿಗೆ ಹಾರ್ನೆಸ್ ಹಾಕಿ, ಬುಟ್ಟಿಯಲ್ಲಿ ಕೂರಿಸಿ, ಕುಣಿಗಲ್ ದಾರಿ ಹಿಡಿದೆವು. ಇಂಚರ ದಾರಿಯುದ್ದಕ್ಕೂ ಬುಟ್ಟಿಯೊಳಗೆ ಕೈಯಿಟ್ಟುಕೊಂಡು ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಕೊತ್ತಗೆರೆಯಲ್ಲಿ ಮಂಜಣ್ಣನ ಮನೆಯವರೆಲ್ಲ ಬಾಗಿಲಲ್ಲೇ ಕಾಯುತ್ತಿದ್ದರು. ಎಳನೀರು ಬಂತು, ಮಜ್ಜಿಗೆ ಬಂತು. ಮಂಜಣ್ಣನ ತಂದೆಯನ್ನು ಎಲ್ಲರೂ ತಾತ ಅನ್ನುತ್ತಿದ್ದರು. ಎಂಬತ್ತರ ಹತ್ತಿರದ ಗಟ್ಟಿ ಮನುಷ್ಯ. ಹಿತ್ತಲಲ್ಲಿ ಕೊಬ್ಬರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುದ್ದಾಗಿ ನೋಡಿದರು. "ಒಳ್ಳೇ ಜೀವ" ಅಂದರು. (ಕೆಜಿ ಕೇಳಲಿಲ್ಲ. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಬಂತು.) ನಂತರ ಕೊಬ್ಬರಿಯನ್ನು ನೆಲಕ್ಕಿಳಿಸಿ ವೆಲ್ಕ್ರೋ ಬಿಡಿಸಿದರು. ಜನ್ಮವಿಡೀ ದನ ಕಟ್ಟಿ ಬಿಚ್ಚಿದ ಕೈ, ಕ್ಲಿಪ್ಪನ್ನೂ ಒಂದೇ ಸಲಕ್ಕೆ ಹುಡುಕಿಕೊಂಡಿತು. ಟಿಕ್. ಹಾರ್ನೆಸ್ಸನ್ನು ಮಡಚಿ ಎರಡೂ ಕೈಯಿಂದ ನನಗೆ ಕೊಟ್ಟರು.

"ತಗಳವ್ವ. ಹಗ್ಗ ನಿಮ್ಮನೇಲೇ ಇರ್ಲಿ. ದನ ಕೊಟ್ರೂ ಹಗ್ಗ ಕೊಡ್ಬಾರ್ದು, ಕೊಟ್ಟೋರ ಮನೆಗೆ ಒಳ್ಳೇದಾಗಕ್ಕಿಲ್ಲ. ನಾವ್ ಹೊಸದು ಹಾಕ್ಕೋತೀವಿ."

ಮಹೇಶ್ ಹಣೆ ಚಚ್ಚಿಕೊಂಡರು. "ಹೌದಲ್ವಾ! ನಮ್ಮೂರಲ್ಲೂ ಹಂಗೇ. ನಮ್ಮಪ್ಪ ಎತ್ತು ಮಾರಿದ್ರೆ ಹಗ್ಗ ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡ್ ಬರೋರು."

ಇಬ್ಬರೂ ಸಂಪ್ರದಾಯದ ಮಾತಲ್ಲಿ ಮುಳುಗಿದ್ದರು. ಟಿಕ್ ಅಂದದ್ದಕ್ಕೆ ಕೊಬ್ಬರಿ ಹಿಂಗಾಲ ಮೇಲೆ ನಿಂತು ನನ್ನ ಮುಖ ನೋಡಿತು. ನನ್ನ ಕೈಯಲ್ಲಿ ಎಸಳಿರಲಿಲ್ಲ. ಅಷ್ಟರಲ್ಲಿ ಎಲ್ಲೋ ನಾಯಿ ಬೊಗಳಿತು. ಕೊಬ್ಬರಿ ಇದ್ದ ಜಾಗದಲ್ಲಿ ಕೊಬ್ಬರಿ ಇರಲಿಲ್ಲ.

ಒಂದು ಗಂಟೆ ಹುಡುಕಿದೆವು. ಕೊಟ್ಟಿಗೆ, ಸೌದೆ ರಾಶಿ, ಬಾಳೆ ಬುಡ, ಎಲ್ಲ ಕಡೆ "ಕೊಬ್ಬರೀ, ಕೊಬ್ಬರೀ" ಅಂತ ಕೂಗಿದೆವು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ನಿಂತು, "ಎಷ್ಟು ಬೇಕಿತ್ತು? ನಮ್ಮನೇಲೂ ಐತೆ" ಅಂದರು. ಯಾರಿಗೂ ನಗು ಬರಲಿಲ್ಲ. ತೋಟದ ಮೇಲೆ ಹದ್ದು ಸುತ್ತುತ್ತಿತ್ತು. ತಾತ ಹಿತ್ತಲ ಜಗಲಿ ಮೇಲೆ ಕುಸಿದು ಕೂತಿದ್ದರು. "ನಾನೇ ತಪ್ ಮಾಡ್ಬುಟ್ಟೆ ಕಣವ್ವ, ಮಗೀನ್ ಮುಖ ನೋಡಕ್ಕಾಗ್ತಿಲ್ಲ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಕೊನೆಗೆ ಹುಲ್ಲಿನ ಮೆದೆಯ ಬುಡದಲ್ಲಿ ಒಂದು ಸಂದು ಕಂಡಿತು. ಮಂಜಣ್ಣ ಮೆದೆ ಕೀಳಿಸುತ್ತೇನೆ ಅಂದರು. ಒಳಗೆ ಇದ್ದರೆ ಹುಲ್ಲು ಅದರ ಮೇಲೇ ಬೀಳುತ್ತದಲ್ಲ?

ಇಂಚರ ನನ್ನ ಹತ್ತಿರ ಬಂದಳು. "ಗ್ಯಾರಂಟಿ ಅಂದಿದ್ದೆ ನೀನು" ಅಂದಳು. ಅಷ್ಟೇ ಅಂದಿದ್ದು.

ಎಲ್ಲಿ ನೋಡಬೇಕೋ ಗೊತ್ತಾಗದೆ ನನ್ನ ಕೈ ನೋಡಿಕೊಂಡೆ. ಕೈಯಲ್ಲಿ ಹಾರ್ನೆಸ್ ಇತ್ತು. ತಾತ ವಾಪಸ್ ಕೊಟ್ಟ ಹಾರ್ನೆಸ್.

"ಮಂಜಣ್ಣ, ಮನೇಲಿ ಕೊತ್ತಂಬರಿ ಸೊಪ್ಪಿದ್ಯಾ?"

ಆಗ ಶುರುವಾದದ್ದೇ ನಾನು ಮೊದಲು ಹೇಳಿದ ದೃಶ್ಯ. ಟಿಕ್. ಟಿಕ್. ಹುಲ್ಲು ಅಲ್ಲಾಡಲಿಲ್ಲ. ಟಿಕ್. ಜನ ಸೇರಿದರು. ಟಿಕ್. ಮೊಣಕಾಲಿಗೆ ಕಲ್ಲು ಒತ್ತುತ್ತಿತ್ತು. ಮೂವತ್ತೋ ನಲವತ್ತೋ ಟಿಕ್ ಆದ ಮೇಲೆ ಹುಲ್ಲಿನ ಸಂದಿನಲ್ಲಿ ಒಂದು ಮೂಗು ಕಾಣಿಸಿತು. ಆಮೇಲೆ ಒಂದು ಕಿವಿ. ಕೊಬ್ಬರಿ ತಲೆ ತುಂಬ ರಾಗಿ ಹುಲ್ಲು ಹೊತ್ತುಕೊಂಡು ಬಂದು, ಹಿಂಗಾಲ ಮೇಲೆ ನಿಂತು, ಮುಂಗಾಲು ನನ್ನ ಕೈಮೇಲಿಟ್ಟು, ತನಗೆ ಬರಬೇಕಾದ ಎಸಳು ಕೇಳಿತು. ಎಸಳೇನು, ಇಡೀ ಕಟ್ಟನ್ನೇ ಕೊಟ್ಟೆ. ನನಗೆ ಅಳು ಬಂದಿತ್ತು. ಹತ್ತು ಹನ್ನೆರಡು ಜನರ ಮುಂದೆ ಅತ್ತೆ.

ಹಾರ್ನೆಸ್ ಹಾಕಿ, ಎತ್ತಿ ಎದೆಗೆ ಅವಚಿಕೊಂಡೆ. ಮಂಜಣ್ಣ ಗೂಡಿನ ಬಾಗಿಲು ತೆಗೆದು ನಿಂತಿದ್ದರು. ನನಗೆ ಹೆಜ್ಜೆ ಏಳಲಿಲ್ಲ.

"ಮಂಜಣ್ಣ, ಬೇಜಾರ್ ಮಾಡ್ಕೋಬೇಡಿ..." ಅಂದೆ.

ತಾತ ಜಗಲಿಯಿಂದಲೇ ನಕ್ಕರು. "ಕರ್ಕೊಂಡೋಗು ಬುಡವ್ವ. ನಿನ್ ಹಗ್ಗ ಹುಡುಕ್ಕೊಂಡ್ ಬಂದದ್ದನ್ನ ನಾವ್ ಇಟ್ಕಂಡು ಏನ್ ಮಾಡಾನ?"

ಹೊರಡುವಾಗ ಬುಟ್ಟಿಗೆ ಕೊತ್ತಂಬರಿ ಕಟ್ಟು, ನಾಲ್ಕು ತೆಂಗಿನಕಾಯಿ ಹಾಕಿ ಕೊಟ್ಟರು. ಕುಣಿಗಲ್ ದಾಟಿದ ಮೇಲೆ ಮಹೇಶ್ ಕಾರಿನ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು. "ಮತ್ತೆ ಮನೆ ವೈರುಗಳ ಕಥೆ?"

"ಎಲ್ಲಕ್ಕೂ ಪೈಪ್ ಹಾಕ್ಸಿ" ಅಂದೆ. ಹಿಂದಿನ ಸೀಟಿನಲ್ಲಿ ಇಂಚರ ನನ್ನ ತೋಳಿಗೆ ಒರಗಿಕೊಂಡಳು.

ಪೈಪ್ ಹಾಕುವವರು ಇನ್ನೂ ಬಂದಿಲ್ಲ. ಮೊನ್ನೆ ಮೂರನೇ ಚಾರ್ಜರ್ ಹೋಯಿತು. ಇದನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು, ಇನ್ನೊಬ್ಬರ ಚಾರ್ಜರ್ ಹಾಕಿಕೊಂಡು ಟೈಪ್ ಮಾಡುತ್ತಿದ್ದೇನೆ. ಕೋಪ ನೆತ್ತಿಗೇರಿದೆ. ಹಾಗಾಗಿ ಓದುಗರಲ್ಲಿ ಬಹಿರಂಗವಾಗಿ ಕೇಳುತ್ತಿದ್ದೇನೆ, ಯಾರಿಗಾದರೂ ಮೊಲ ಬೇಕಾ? ಧಾರಾಳವಾಗಿ ಬಂದು ತೆಗೆದುಕೊಂಡು ಹೋಗಿ.

ಹಗ್ಗ ಮಾತ್ರ ಕೊಡುವುದಿಲ್ಲ.